ಯುಗಾದಿಗೆ ಒಂದು ಪದ: ಆರಿಸುವ ಬಗೆ, ವರ್ಷವಿಡೀ ಹಬ್ಬಗಳ ಜತೆ ನಡೆಸುವ ಬಗೆ

ವರ್ಷಕ್ಕೊಂದು ಪದ ಇಟ್ಟುಕೊಂಡು ಅದರಂತೆ ನಡೆಯುವ ಅಭ್ಯಾಸ ಈಚೆಗೆ ಜನವರಿ ಒಂದರ ಸುತ್ತ ಹರಡಿದೆ. ಹತ್ತು ನಿರ್ಧಾರ ಮಾಡಿ ಫೆಬ್ರವರಿ ಹೊತ್ತಿಗೆ ಹತ್ತನ್ನೂ ಮರೆಯುವುದಕ್ಕಿಂತ ಇದು ಮೇಲು. ಆದರೆ ಜನವರಿಯಲ್ಲಿ ಆರಿಸಿದ ಪದವನ್ನು ಮುಂದೆ ನೆನಪಿಸಲು ಯಾವ ದಿನವೂ ಇರುವುದಿಲ್ಲ. ಯುಗಾದಿಗೆ ಆರಿಸಿದರೆ ಆ ಕೊರತೆ ನೀಗುತ್ತದೆ. ಯುಗಾದಿ, ಅಕ್ಷಯ ತೃತೀಯ, ವಿಜಯದಶಮಿ, ಬಲಿಪಾಡ್ಯಮಿ ಇವನ್ನು ಮೂರೂವರೆ ಮುಹೂರ್ತವೆಂದು ಎಣಿಸುತ್ತಾರೆ. ಪಂಚಾಂಗ ತೆಗೆಯದೆ ಹೊಸ ಕೆಲಸ ಶುರು ಮಾಡಬಹುದಾದ ದಿನಗಳಿವು. ಪದವನ್ನು ಆರಿಸಲು ಮೊದಲನೆಯದು, ಸರಿಯಿಲ್ಲದಿದ್ದರೆ ಬದಲಿಸಲು ಉಳಿದವು. ಈ ಲೇಖನದ ವಿಧಾನ ನಿಂತಿರುವುದು ಇದರ ಮೇಲೆ.

ವರ್ಷ ಎಷ್ಟು ದಿನದ್ದು ನೋಡಿಕೊಳ್ಳಿ

ಚಾಂದ್ರಮಾನ ವರ್ಷ ಪ್ರತಿಸಲ ಒಂದೇ ಉದ್ದ ಇರುವುದಿಲ್ಲ. ವಿಶ್ವಾವಸು ಸಂವತ್ಸರ 2025ರ ಮಾರ್ಚ್ 30ಕ್ಕೆ ಶುರುವಾಗಿ 354 ದಿನ ನಡೆಯಿತು. 2026ರ ಮಾರ್ಚ್ 19ಕ್ಕೆ ಶುರುವಾಗುವ ಪರಾಭವ ಸಂವತ್ಸರಕ್ಕೆ 384 ದಿನ. ಮುಂದಿನ ಪ್ಲವಂಗ ಬರುವುದು 2027ರ ಏಪ್ರಿಲ್ 7ಕ್ಕೆ. ಹನ್ನೆರಡು ಚಾಂದ್ರಮಾಸಗಳನ್ನು ಕೂಡಿದರೆ ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ ಬೀಳುತ್ತದೆ. ಆ ಬಾಕಿ ಸೇರಿ ಸೇರಿ ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ಅಧಿಕ ಮಾಸವಾಗುತ್ತದೆ. ಪರಾಭವದಲ್ಲಿ ಅದು ಅಧಿಕ ಜ್ಯೇಷ್ಠ, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಹಾಗಾಗಿ ಗೌರಿ-ಗಣೇಶದಿಂದ ದೀಪಾವಳಿಯವರೆಗೆ ಎಲ್ಲ ಹಬ್ಬಗಳೂ ಹಿಂದಿನ ವರ್ಷಕ್ಕಿಂತ ಎರಡು ಮೂರು ವಾರ ತಡವಾಗುತ್ತವೆ. ತರಬೇತಿ, ಉಳಿತಾಯ, ಓದು ಎಂದು ತಿಂಗಳ ಲೆಕ್ಕದಲ್ಲಿ ಯೋಜನೆ ಹಾಕುವವರು ಈ ಹದಿಮೂರನೇ ತಿಂಗಳನ್ನು ಮರೆಯಬಾರದು. ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುವವರು ಕಡಿಮೆ. ಆಮಂತ್ರಣಗಳೂ ಪ್ರಯಾಣವೂ ಇಲ್ಲದ ಆ ನಾಲ್ಕು ವಾರಗಳು ಪದದ ಕೆಲಸಕ್ಕೆ ವರ್ಷದಲ್ಲೇ ಒಳ್ಳೆಯ ಕಾಲ.

ಸಂವತ್ಸರದ ಹೆಸರಿನ ವಿಚಾರವಾಗಿ ಒಂದು ಮಾತು. ಪರಾಭವ ಎಂದರೆ ಸೋಲು ಎಂದು ಹೆದರಿ, ಅದಕ್ಕೆ ಪ್ರತಿಯಾಗಿ ‘ಜಯ’ ಎಂದೋ ‘ಗೆಲುವು’ ಎಂದೋ ಪದ ಇಟ್ಟುಕೊಳ್ಳುವ ಆಸೆ ಸಹಜ. ಅರವತ್ತು ಹೆಸರುಗಳ ಸುತ್ತಿನಲ್ಲಿ ಇದು ನಲವತ್ತನೆಯದು, ಸರದಿಯಂತೆ ಬಂದದ್ದು. ಹಿಂದೆ 1966ರಲ್ಲೂ ಬಂದಿತ್ತು. ಜಯ ಎಂಬ ಸಂವತ್ಸರವೂ 2014ರಲ್ಲಿ ಬಂದು ಹೋಯಿತು. ಹೆಸರಿಗೆ ಮದ್ದರೆಯುವ ಪದ ಬೇಡ, ನಿಮ್ಮ ಮನೆಯ ಪರಿಸ್ಥಿತಿಗೆ ಹೊಂದುವ ಪದ ಬೇಕು.

ಒಂದನೇ ಹೆಜ್ಜೆ: ಹೋಳಿ ಹುಣ್ಣಿಮೆಯಿಂದ ಅಮಾವಾಸ್ಯೆಯೊಳಗೆ ಹಿಂದಿನ ವರ್ಷ ನೋಡಿ

ಯುಗಾದಿ ಬೆಳಗ್ಗೆ ಪದ ಹುಡುಕಲು ಕೂತರೆ ಸಿಗುವುದಿಲ್ಲ. ಅಂದು ಒಲೆಯ ಮುಂದೆ ಒಬ್ಬರು, ತೋರಣ ಕಟ್ಟಲು ಒಬ್ಬರು, ಸ್ನಾನಕ್ಕೆ ಸರದಿ. ಹೋಳಿ ಹುಣ್ಣಿಮೆ ಕಳೆದ ಮೇಲಿನ ಎರಡು ವಾರದಲ್ಲಿ ಯಾವುದಾದರೂ ಒಂದು ಸಂಜೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಿ.

ಬೇಕಾಗುವುದು ಮೂರು: ಗೋಡೆಯ ಕ್ಯಾಲೆಂಡರ್, ಬ್ಯಾಂಕಿನ ಪಾಸ್‌ಬುಕ್ ಅಥವಾ ಫೋನಿನ ಪಾವತಿ ಪಟ್ಟಿ, ಫೋನಿನ ಫೋಟೊಗಳು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಆಸ್ಪತ್ರೆಗೆ ಹೋದ ದಿನ, ಮದುವೆಗಳು ಎಲ್ಲವೂ ಕ್ಯಾಲೆಂಡರಿನ ಮೇಲೇ ಗೀಚಿರುತ್ತವೆ. ನೆನಪನ್ನು ನಂಬಬೇಡಿ, ಅದು ಕೊನೆಯ ಎರಡು ತಿಂಗಳನ್ನೇ ಇಡೀ ವರ್ಷ ಎಂದು ಹೇಳುತ್ತದೆ. ತಿಂಗಳಿಗೆ ಒಂದೇ ಸಾಲಿನಂತೆ ಬರೆಯಿರಿ: ಹೊತ್ತು ಎಲ್ಲಿ ಹೋಯಿತು, ಸುಸ್ತು ಯಾವುದರಿಂದ ಆಯಿತು, ಖುಷಿ ಯಾವುದು ಕೊಟ್ಟಿತು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಓದಿದಾಗ ಒಂದು ಗೊಣಗಾಟ ಮೂರು ನಾಲ್ಕು ಸಲ ಕಾಣಿಸಿಕೊಳ್ಳುತ್ತದೆ. ‘ಶುರು ಮಾಡಿದ್ದು ಹಾಗೇ ಬಿತ್ತು’, ‘ಬೇಡ ಅನ್ನಲಾಗಲಿಲ್ಲ’, ‘ಅಪ್ಪನ ಹತ್ತಿರ ಕೂತು ಮಾತಾಡಿದ್ದೇ ಇಲ್ಲ’. ಅದರ ಕೆಳಗೆ ಗೆರೆ ಎಳೆಯಿರಿ. ಪದ ಹುಟ್ಟುವುದು ಅಲ್ಲಿಂದ.

ಎರಡನೇ ಹೆಜ್ಜೆ: ಹತ್ತು ಹನ್ನೆರಡು ಪದ ಬರೆದು ಸೋಸಿ

ಗೆರೆ ಎಳೆದ ಸಾಲಿನ ಪಕ್ಕದಲ್ಲಿ ತೋಚಿದ ಪದಗಳನ್ನೆಲ್ಲ ಬರೆಯಿರಿ. ಪುಸ್ತಕದ ಪದವೇ ಆಗಬೇಕಿಲ್ಲ, ಮನೆಯಲ್ಲಿ ಆಡುವ ಮಾತೇ ಸರಿ. ಬರೆದ ಮೇಲೆ ಮೊದಲು ತೆಗೆದುಹಾಕಬೇಕಾದವು ದೊಡ್ಡ ಪದಗಳು: ಸಂತೋಷ, ಯಶಸ್ಸು, ಆರೋಗ್ಯ, ನೆಮ್ಮದಿ, ಸಮೃದ್ಧಿ. ಇವು ಏನನ್ನೋ ಮಾಡಿದ ಮೇಲೆ ಸಿಗುವ ಫಲಗಳು. ಬುಧವಾರ ಸಂಜೆ ಆರಕ್ಕೆ ಆಫೀಸಿನಲ್ಲಿ ಇನ್ನೊಂದು ಕೆಲಸ ಒಪ್ಪಿಸಿದಾಗ ‘ನೆಮ್ಮದಿ’ ಎಂಬ ಪದ ಏನು ಮಾಡಬೇಕೆಂದು ಹೇಳುವುದಿಲ್ಲ. ‘ಮುಗಿಸು’ ಹೇಳುತ್ತದೆ: ಕೈಯಲ್ಲಿರುವುದು ಮುಗಿಯಲಿ, ಆಮೇಲೆ ಅದು.

ಕನ್ನಡದಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಎರಡು ಮೂರು ಅಕ್ಷರದ ವಿಧಿರೂಪಗಳು ಬೇಕಾದಷ್ಟು ಸಿಗುತ್ತವೆ: ಮುಗಿಸು, ನಡೆ, ಕೇಳು, ತೀರಿಸು, ಹಂಚು, ಕಲಿ, ಬಿಡು, ಕೂರು. ಬೇರೆ ಬಗೆಯ ಕೆಲವು ಪದಗಳೂ ಹೀಗೆ ಕೆಲಸ ಮಾಡುತ್ತವೆ: ನಿಧಾನ, ತೆರವು, ಸಾಕು. ‘ಬೇಡ’, ‘ಸಿಡುಕಬೇಡ’ ತರಹದ ನಿಷೇಧದ ಪದಗಳನ್ನು ಆರಿಸಬೇಡಿ. ಬಿಡಬೇಕಾದ್ದನ್ನು ಅವು ಹೇಳುತ್ತವೆ, ಅದರ ಜಾಗದಲ್ಲಿ ಮಾಡಬೇಕಾದ್ದನ್ನು ಹೇಳುವುದಿಲ್ಲ. ಎರಡು ವಾರದಲ್ಲಿ ಹಳೆಯದೇ ಮರಳಿ ಬಂದು ಕೂರುತ್ತದೆ. ‘ಕೇಳು’ ಎಂಬುದಕ್ಕೆ ಕಿವಿಗೊಡು ಎಂದೂ ಪ್ರಶ್ನೆ ಮಾಡು ಎಂದೂ ಎರಡು ಬಗೆ ಅರ್ಥ; ನಿಮಗೆ ಯಾವುದು ಬೇಕೋ ಪಕ್ಕದಲ್ಲಿ ಬರೆದಿಡಿ.

ಉಳಿದ ನಾಲ್ಕೈದು ಪದಗಳಿಗೆ ಮೂರು ಪರೀಕ್ಷೆ.

ಮೊದಲನೆಯದು ನಿರ್ಧಾರದ ಪರೀಕ್ಷೆ. ಕಳೆದ ತಿಂಗಳು ನೀವು ನಿಜವಾಗಿ ತೆಗೆದುಕೊಂಡ ಮೂರು ತೀರ್ಮಾನ ನೆನಪಿಸಿಕೊಳ್ಳಿ. ಉದಾಹರಣೆಗೆ, ಹೊಸ ಚೀಟಿಗೆ ಸೇರಿದ್ದು, ಭಾನುವಾರ ದೂರದ ನೆಂಟರ ಗೃಹಪ್ರವೇಶಕ್ಕೆ ಹೋದದ್ದು, ಮಗಳ ನೃತ್ಯದ ಕ್ಲಾಸಿನ ಜತೆಗೆ ಚೆಸ್ ಕ್ಲಾಸನ್ನೂ ಸೇರಿಸಿದ್ದು. ಪದವನ್ನು ಒಂದೊಂದರ ಮೇಲೂ ಇಟ್ಟು ನೋಡಿ. ಮೂರರಲ್ಲಿ ಒಂದೂ ಬದಲಾಗದಿದ್ದರೆ ಆ ಪದ ಬರೀ ಅಲಂಕಾರ. ಮೂರೂ ತಲೆಕೆಳಗಾದರೆ ಅದು ವಿಪರೀತ ಬಿಗಿ, ಒಂದು ತಿಂಗಳೂ ಬಾಳುವುದಿಲ್ಲ. ಒಂದೋ ಎರಡೋ ಬದಲಾದರೆ ಸರಿಯಾದ ಪದ.

ಎರಡನೆಯದು ಮನೆಯವರ ಪರೀಕ್ಷೆ. ಪದವನ್ನು ಮನೆಯಲ್ಲಿ ಜೋರಾಗಿ ಹೇಳಿ. ಅದು ನಡೆಯಬೇಕಾದರೆ ಅತ್ತೆಯೋ ಗಂಡನೋ ಮಕ್ಕಳೋ ಬದಲಾಗಬೇಕು ಎಂದಾದರೆ ಅದು ನಿಮ್ಮ ಪದವಲ್ಲ, ನೀವು ಅವರಿಗೆ ಕೊಡಲು ಹೊರಟಿರುವ ಶಿಕ್ಷೆ. ಮೂರನೆಯದು, ಆರಿಸಿದ ಪದದ ಜತೆ ಅಮಾವಾಸ್ಯೆಗೆ ಮೊದಲು ಮೂರು ದಿನ ಕಳೆಯುವುದು. ದಿನಕ್ಕೊಮ್ಮೆಯೂ ನೆನಪಾಗದಿದ್ದರೆ ಪಟ್ಟಿಯ ಮುಂದಿನ ಪದಕ್ಕೆ ಹೋಗಿ.

ಮೂರನೇ ಹೆಜ್ಜೆ: ಸಂಕಲ್ಪದ ಅಚ್ಚಿನಲ್ಲಿ ಒಂದು ಸಾಲು

ಪೂಜೆಗೆ ಕೂತಾಗ ಹೇಳುವ ಸಂಕಲ್ಪದ ಕಟ್ಟಡ ಗಮನಿಸಿ. ಎಲ್ಲಿ, ಯಾವ ಕಾಲದಲ್ಲಿ, ಯಾರು, ಏನು ಮಾಡುತ್ತೇವೆ ಎಂಬುದನ್ನು ಅದು ಒಂದೊಂದಾಗಿ ಹೇಳುತ್ತದೆ. ಶಾಲಿವಾಹನ ಶಕೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ ಎಲ್ಲ ಬರುತ್ತವೆ. ವರ್ಷದ ಪದಕ್ಕೂ ಈ ನಾಲ್ಕು ಸೇರಬೇಕು. ಬರೀ ‘ಮುಗಿಸು’ ಎಂದು ಬರೆದಿಟ್ಟರೆ ಅದು ಆಷಾಢ ಬರುವ ಮುಂಚೆಯೇ ಗೋಡೆಯ ಬಣ್ಣದಲ್ಲಿ ಸೇರಿಹೋಗುತ್ತದೆ. ಹೀಗೆ ಬರೆಯಿರಿ: ‘ಮುಗಿಸು. ಮನೆಯಲ್ಲೂ ಆಫೀಸಿನಲ್ಲೂ, ಈ ಯುಗಾದಿಯಿಂದ ಮುಂದಿನ ಯುಗಾದಿಯ ಹಿಂದಿನ ಅಮಾವಾಸ್ಯೆಯವರೆಗೆ, ನಾನು, ಕೈಗೆತ್ತಿಕೊಂಡ ಮೂರು ಕೆಲಸ ಮುಗಿಯದೆ ನಾಲ್ಕನೆಯದನ್ನು ಹಿಡಿಯುವುದಿಲ್ಲ.’

ಈ ಸಾಲಿನ ಕೆಳಗೆ ಮೂರೇ ಮೂರು ಕೆಲಸ. ‘ಮುಗಿಸು’ ಎಂದವರು ಅಜ್ಜನ ಹೆಸರಿನಲ್ಲೇ ಉಳಿದಿರುವ ಜಮೀನಿನ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಿಸುವುದು), ಅರ್ಧಕ್ಕೆ ನಿಂತ ಹೊಲಿಗೆ, ಎರಡು ವರ್ಷದಿಂದ ಮುಂದೂಡಿದ ಹಲ್ಲಿನ ಚಿಕಿತ್ಸೆ ಎಂದು ಬರೆಯಬಹುದು. ‘ನಡೆ’ ಎಂದವರು ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ, ಒಂದು ಕಿಲೋಮೀಟರಿನೊಳಗಿನ ಅಂಗಡಿಗೆ ಸ್ಕೂಟರ್ ಇಲ್ಲದೆ, ತಿಂಗಳಿಗೊಂದು ಬೆಟ್ಟವೋ ಕೆರೆ ಏರಿಯೋ. ‘ತೀರಿಸು’ ಎಂದವರು ಸಾಲಗಳನ್ನು ಬಡ್ಡಿ ದರದ ಪ್ರಕಾರ ಮೇಲಿನಿಂದ ಕೆಳಕ್ಕೆ ಬರೆದುಕೊಂಡು ಮೊದಲನೆಯದಕ್ಕೆ ಮಾತ್ರ ಕಂತಿಗಿಂತ ಹೆಚ್ಚು ಕಟ್ಟುವುದು. ಚಿನ್ನದ ಮೇಲಿನ ಸಾಲವಿದ್ದರೆ ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪಗೆ ಗುರುತಿಸುವುದು. ಕೆಲಸ ಐದಾಗಿದ್ದರೆ ಎರಡನ್ನು ಹೊಡೆದುಹಾಕಿ.

ಮಕ್ಕಳಿಗೆ ಪದ ಆರಿಸಿ ಕೊಡಬೇಡಿ. ಅವರೇ ‘ಐಸ್‌ಕ್ರೀಮ್’ ಎಂದರೂ ಇರಲಿ ಬಿಡಿ.

ನಾಲ್ಕನೇ ಹೆಜ್ಜೆ: ಯುಗಾದಿಯ ದಿನ, ಅಡುಗೆಮನೆ ಸಹಿತ

ಹಬ್ಬವೇ ಭಾರವಾದರೆ ಪದಕ್ಕೆ ಜಾಗ ಸಿಗುವುದಿಲ್ಲ. ಅಂದಿನ ಕೆಲಸದಲ್ಲಿ ಅರ್ಧದಷ್ಟನ್ನು ಅಮಾವಾಸ್ಯೆಗೇ ಮುಗಿಸಿಕೊಳ್ಳಬೇಕು: ಹೂರಣ, ಮಾವಿನ ಎಲೆ ತಂದು ತೊಳೆದಿಡುವುದು, ಬೇವಿನ ಹೂ ಬಿಡಿಸುವುದು, ಚಿತ್ರಾನ್ನಕ್ಕೆ ಮಾವಿನಕಾಯಿ ತುರಿಯುವುದು.

ಹೂರಣಕ್ಕೆ ಬೇಳೆಯೂ ಬೆಲ್ಲವೂ ಸಮತೂಕ. ತೊಗರಿಬೇಳೆಯೋ (ಹಳೇ ಮೈಸೂರಿನ ಕಡೆ) ಕಡಲೆಬೇಳೆಯೋ (ಉತ್ತರ ಕರ್ನಾಟಕದ ಕಡೆ) 250 ಗ್ರಾಂ, ಬೆಲ್ಲ 250 ಗ್ರಾಂ, ಏಲಕ್ಕಿ ನಾಲ್ಕು. ಹದಿನೈದರ ಆಸುಪಾಸು ಹೋಳಿಗೆ ಆಗುತ್ತದೆ, ನಾಲ್ಕು ಜನಕ್ಕೆ ಧಾರಾಳ. ಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸಬೇಡಿ, ತೆರೆದ ಪಾತ್ರೆಯಲ್ಲಿ ಬೇಯಿಸಿ. ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಬೇಳೆಯ ಆಕಾರ ಕರಗಿರಬಾರದು. ಕಟ್ಟನ್ನು (ಬೇಳೆ ಬೆಂದ ನೀರು) ಪೂರ್ತಿ ಬಸಿದು ಸಾರಿಗೆ ಇಟ್ಟುಕೊಳ್ಳಿ. ಬಸಿದ ಬೇಳೆಗೆ ಬೆಲ್ಲ ಹಾಕಿ, ನೀರು ಇಂಗಿ ಗಟ್ಟಿಯಾಗುವವರೆಗೆ ಕೈಯಾಡಿಸಿ, ಆರಿದ ಮೇಲೆ ಒಂದು ಹನಿಯೂ ನೀರು ಸೇರಿಸದೆ ರುಬ್ಬಿ. ಹೂರಣ ತೆಳ್ಳಗಾಗುವುದು ಬಹುತೇಕ ಎರಡೇ ಕಾರಣಕ್ಕೆ: ಬೇಳೆ ಹೆಚ್ಚು ಬೆಂದದ್ದು, ಕಟ್ಟು ಅರೆಬರೆ ಬಸಿದದ್ದು. ಹಾಗಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಇಂಗಿಸಿ. ಅವಸರವಿದ್ದರೆ ಎರಡು ಚಮಚ ಹುರಿಗಡಲೆ ಪುಡಿ ಬೆರೆಸಬಹುದು, ರುಚಿ ಸ್ವಲ್ಪ ಬದಲಾಗುತ್ತದೆ.

ಕಣಕಕ್ಕೆ ಮೈದಾ, ಚಿರೋಟಿ ರವೆ ಸೇರಿ 250 ಗ್ರಾಂ, ಚಿಟಿಕೆ ಅರಿಶಿನ, ಉಪ್ಪು. ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, ನಾಲ್ಕೈದು ಚಮಚ ಎಣ್ಣೆ ಹಾಕಿ ನಾದಿ, ಕಡಿಮೆಯೆಂದರೆ ಎರಡು ಗಂಟೆ ನೆನೆಯಲು ಬಿಡಿ. ತಟ್ಟುವಾಗ ಹೋಳಿಗೆ ಹರಿದರೆ ಮೂರರಲ್ಲಿ ಒಂದು ತಪ್ಪಾಗಿದೆ: ಕಣಕ ನೆನೆದಿಲ್ಲ, ಹೂರಣದಲ್ಲಿ ಗಂಟಿದೆ, ಅಥವಾ ಎರಡರ ಮೆದು ಒಂದೇ ಹದದಲ್ಲಿಲ್ಲ. ಮೂರನೆಯದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಬೆರಳೊತ್ತಿದರೆ ಕಣಕವೂ ಹೂರಣವೂ ಸಮನಾಗಿ ಕುಸಿಯಬೇಕು. ಹೂರಣದ ಉಂಡೆ ಕಣಕದ ಉಂಡೆಗಿಂತ ಒಂದೂವರೆ ಪಟ್ಟು ಇರಲಿ. ಇಷ್ಟೆಲ್ಲ ಬೇಡ ಎನಿಸಿದರೆ ಹೋಳಿಗೆ ಅಂಗಡಿಯಿಂದ ತರಿಸಿ, ಮನೆಯಲ್ಲಿ ಸಾರು ಮಾತ್ರ ಮಾಡಿ. ‘ನಿಧಾನ’ ಎಂದು ಪದ ಆರಿಸಿಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹದಿನಾಲ್ಕು ಬಗೆ ಅಡುಗೆ ಮಾಡುವುದರಲ್ಲಿ ಅರ್ಥವಿಲ್ಲ.

ಬೇವು-ಬೆಲ್ಲಕ್ಕೆ ನಾಲ್ಕು ಜನರ ಅಳತೆ: ಬಿಡಿಸಿದ ಹೂ ಎರಡು ಚಮಚ, ಕೆಂಪು ಬಣ್ಣ ಇನ್ನೂ ಹೋಗದ ಎಳೆ ಚಿಗುರು ನಾಲ್ಕೈದು, ಪುಡಿ ಮಾಡಿದ ಬೆಲ್ಲ ಮೂರು ಚಮಚ. ಹೂವಿನ ಹಸಿರು ತೊಟ್ಟು ತೆಗೆದುಬಿಡಿ. ಬಲಿತ ಎಲೆ ಹಾಕಿದರೆ ಮಕ್ಕಳು ಮುಂದಿನ ವರ್ಷ ಹತ್ತಿರವೂ ಬರುವುದಿಲ್ಲ. ಮಾರ್ಚ್ ಮಧ್ಯದಲ್ಲೇ ಯುಗಾದಿ ಬಂದ ವರ್ಷ ಕೆಲವು ಕಡೆ ಮರ ಇನ್ನೂ ಹೂ ಬಿಟ್ಟಿರುವುದಿಲ್ಲ. ಆಗ ಚಿಗುರೊಂದೇ ಸಾಕು. ಪೇಟೆಯಲ್ಲಿ ರಸ್ತೆ ಬದಿಯ ಮರದಿಂದ ಕೀಳುವವರು ಒಂದು ಎಚ್ಚರ ವಹಿಸಬೇಕು. ಬೇವಿನ ಹೂ ಬಿಳಿಯದು, ಪುಟ್ಟದು. ಹೂವಿಗೆ ನೇರಳೆ ಛಾಯೆ ಇದ್ದರೆ ಅದು ಬೇವಿನ ಕುಟುಂಬದ ಬೇರೆ ಮರ, ತಿನ್ನುವುದಕ್ಕಲ್ಲ.

ಧಾರವಾಡ, ಬಾಗಲಕೋಟೆ ಕಡೆ ಬೇವು ಎಂದರೆ ಕುಡಿಯುವ ಪಾನಕ. ಒಂದು ಲೀಟರ್ ನೀರಿಗೆ ನಿಂಬೆ ಗಾತ್ರದ ಹುಣಸೆಹಣ್ಣು, 150 ಗ್ರಾಂ ಬೆಲ್ಲ, ಒಂದು ಸಣ್ಣ ಮಾವಿನಕಾಯಿಯ ತುರಿ, ಎರಡು ಮೂರು ಚಮಚ ಪುಟಾಣಿ (ಹುರಿಗಡಲೆ) ಹಿಟ್ಟು, ಒಂದು ಚಮಚ ಬೇವಿನ ಹೂ, ಮೇಲೆ ದ್ರಾಕ್ಷಿ ಗೋಡಂಬಿ. ಪುಟಾಣಿ ಹಿಟ್ಟನ್ನು ನೇರವಾಗಿ ಸುರಿದರೆ ಗಂಟಾಗುತ್ತದೆ. ಸ್ವಲ್ಪ ನೀರಲ್ಲಿ ಕದಡಿ ಆಮೇಲೆ ಸೇರಿಸಿ. ಹೂವನ್ನು ಕುಡಿಯುವ ಹೊತ್ತಿಗೆ ಹಾಕಿ, ಹೆಚ್ಚು ನೆನೆದಷ್ಟೂ ಕಹಿ ಬಿಡುತ್ತದೆ.

ಎಣ್ಣೆಸ್ನಾನಕ್ಕೆ ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಸಾಕು. ಒಬ್ಬೊಬ್ಬರ ಸ್ನಾನವಾದ ಮೇಲೂ ಬಚ್ಚಲಿನ ನೆಲಕ್ಕೆ ಕಡಲೆಹಿಟ್ಟೋ ಸೀಗೆಪುಡಿಯೋ ಹಾಕಿ ತಿಕ್ಕಿ. ಹಬ್ಬದ ದಿನ ಹಿರಿಯರು ಜಾರಿ ಬೀಳುವುದು ಇಲ್ಲೇ.

ಈಗ ಪದ. ಬೇವು-ಬೆಲ್ಲ ಹಂಚಿ, ಪಂಚಾಂಗ ಓದುವ ಹೊತ್ತು ಸರಿಯಾದ ಸಮಯ. ಆ ವರ್ಷದ ರಾಜ ಯಾರು, ಮಂತ್ರಿ ಯಾರು, ಮಳೆ ಬೆಳೆ ಹೇಗೆ, ಯಾವ ರಾಶಿಗೆ ಆದಾಯವೆಷ್ಟು ವ್ಯಯವೆಷ್ಟು ಎಂದು ಓದಿ ಮುಗಿಸಿದ ಮೇಲೆ ಒಬ್ಬೊಬ್ಬರೂ ತಮ್ಮ ಪದ ಹೇಳಲಿ. ಹತ್ತು ನಿಮಿಷದ ಕೆಲಸ. ಯಾರ ಪದಕ್ಕೂ ಅಂದು ಸಲಹೆ, ತಿದ್ದುಪಡಿ ಬೇಡ. ಹೇಳಲು ಇಷ್ಟವಿಲ್ಲದವರನ್ನು ಬಲವಂತ ಮಾಡುವುದೂ ಬೇಡ.

ಸಾಲನ್ನು ಕಾಗದದಲ್ಲಿ ಬರೆದು ದಿನಕ್ಕೆ ಒಮ್ಮೆ ಮಾತ್ರ ಕಣ್ಣಿಗೆ ಬೀಳುವ ಕಡೆ ಅಂಟಿಸಿ: ಬೀರುವಿನ ಬಾಗಿಲ ಒಳಗೆ, ಅಕ್ಕಿ ಡಬ್ಬದ ಮುಚ್ಚಳದಲ್ಲಿ, ಸ್ಕೂಟರಿನ ಸೀಟಿನ ಕೆಳಗೆ. ಫೋನಿನ ಪರದೆ ಇದಕ್ಕೆ ಸಲ್ಲದು. ದಿನಕ್ಕೆ ಇನ್ನೂರು ಸಲ ಕಂಡದ್ದನ್ನು ಕಣ್ಣು ಓದುವುದನ್ನೇ ಬಿಡುತ್ತದೆ.

ಹೊಸತೊಡಕು: ಮೊದಲ ಬಳಕೆ

ವರ್ಷದ ಮೊದಲಿಗೆ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ ಹಳೇ ಮೈಸೂರಿನ ಕಡೆ ಗಟ್ಟಿಯಾಗಿದೆ. ಮಂಡ್ಯ, ರಾಮನಗರದ ಊರುಗಳಲ್ಲಿ ಯುಗಾದಿಯ ಮರುದಿನ, ಅಂದರೆ ಹೊಸತೊಡಕಿನ ದಿನ, ಬೆಳಗ್ಗೆ ಗುಡ್ಡೆ ಮಾಂಸ ಹಂಚಿಕೊಂಡು ಬಾಡೂಟ, ಆಮೇಲೆ ಇಸ್ಪೀಟು. ಊಟದ ಮೊದಲು, ಪದದ ಕೆಳಗೆ ಬರೆದ ಮೂರು ಕೆಲಸದಲ್ಲಿ ಒಂದನ್ನು ಕಾಲು ಗಂಟೆಯಷ್ಟಾದರೂ ಮಾಡಿ. ಪೌತಿ ಖಾತೆಗೆ ಬೇಕಾದ ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ಒಂದು ಫೈಲಿಗೆ ಹಾಕಿದರೂ ಸರಿ. ಊಟವಾದ ಮೇಲೆ ಆ ದಿನ ಏನೂ ಆಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಸಂಜೆ ಬಿದಿಗೆ ಚಂದ್ರನನ್ನು ನೋಡುವ ಮನೆಗಳಲ್ಲಿ ಸೂರ್ಯ ಮುಳುಗಿದ ಕಾಲು ಗಂಟೆಗೆ ಪಶ್ಚಿಮ ತೆರೆದಿರುವ ತಾರಸಿಗೆ ಹೋಗಿ. ಗೆರೆಯಂಥ ಚಂದ್ರ ದಿಗಂತಕ್ಕೆ ಹತ್ತಿರವೇ ಇರುತ್ತಾನೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಹುಡುಕಿ ಸಿಗಲಿಲ್ಲ ಎನ್ನುವವರಿಗೆ ಮಧ್ಯೆ ಕಟ್ಟಡ ಅಡ್ಡವಿರುತ್ತದೆ ಅಷ್ಟೆ.

ಸೌರಮಾನ ಆಚರಿಸುವ ತುಳುನಾಡಿನವರಿಗೆ ವರ್ಷ ಶುರುವಾಗುವುದು ಏಪ್ರಿಲ್ ಮಧ್ಯದ ಬಿಸುವಿಗೆ. ರಾತ್ರಿಯೇ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹೂ, ಚಿನ್ನ, ಕನ್ನಡಿ ಇಟ್ಟು ಕಣಿ ಸಿದ್ಧ ಮಾಡುವಾಗ ಪದದ ಚೀಟಿಯನ್ನೂ ಕನ್ನಡಿಯ ಮುಂದೆ ಇಡಬಹುದು. ಬೆಳಗ್ಗೆ ಕಣ್ಣು ಬಿಟ್ಟು ಮೊದಲು ನೋಡುವುದೇ ಅದನ್ನು.

ಬದಲಿಸಬಹುದಾದ ಮೂರು ದಿನ

ಅಕ್ಷಯ ತೃತೀಯಕ್ಕೆ ಯುಗಾದಿಯಿಂದ ಸುಮಾರು ಒಂದು ತಿಂಗಳು. ಇದು ಪರೀಕ್ಷಾ ಅವಧಿಯ ಕೊನೆ. ಈ ತಿಂಗಳಲ್ಲಿ ಪದ ಒಂದು ತೀರ್ಮಾನವನ್ನಾದರೂ ಬದಲಿಸಿತೇ? ಇಲ್ಲವಾದರೆ ಸಂಕೋಚವಿಲ್ಲದೆ ಹೊಸ ಪದ ಆರಿಸಿ. ಪಟ್ಟಿಯಲ್ಲಿ ಉಳಿದ ಮೂರು ನಾಲ್ಕು ಪದಗಳಿವೆಯಲ್ಲ. ಅಂದು ಚಿನ್ನ ಕೊಳ್ಳಲೇಬೇಕೆಂದು ಅಂಗಡಿಗಳು ಹೇಳುತ್ತವೆ. ‘ತೀರಿಸು’ ಎಂದವರು ಅಂಗಡಿಯ ಮುಂದೆ ಹಾದುಹೋಗುವುದೂ ಪದದ ಆಚರಣೆಯೇ.

ಅಲ್ಲಿಂದ ದಸರೆಗೆ ದೊಡ್ಡ ಅಂತರ, ಅಧಿಕ ಮಾಸ ಬಂದರೆ ಆರು ತಿಂಗಳು. ಪದಗಳು ಸಾಯುವುದು ಇಲ್ಲೇ, ಮಳೆ ಶುರುವಾಗಿ ಶಾಲೆಗಳು ತೆರೆಯುವ ಜೂನ್‌ನಲ್ಲಿ. ಶಾಲೆಯ ಶುಲ್ಕ, ಸಮವಸ್ತ್ರ, ಜ್ವರ ಎಲ್ಲ ಒಟ್ಟಿಗೆ ಬರುತ್ತವೆ. ಹಾಗಾಗಿ ಗೌರಿ-ಗಣೇಶವನ್ನು ನಡುವಿನ ತಂಗುದಾಣ ಮಾಡಿಕೊಳ್ಳಿ. ಅಲ್ಲಿ ಪದ ಬದಲಿಸುವ ಮಾತಿಲ್ಲ, ಕಾಗದದ ಮೇಲೆ ಒಂದು ಸಾಲು ಸೇರಿಸಿದರೆ ಆಯಿತು: ಇದುವರೆಗೆ ಏನಾಯಿತು, ಎಲ್ಲಿ ಕೈಕೊಟ್ಟಿತು, ಮುಂದಿನ ಒಂದು ಕೆಲಸ ಯಾವುದು. ಬಣ್ಣ ಹಚ್ಚದ ಮಣ್ಣಿನ ಗಣಪನನ್ನು ತಂದು ಬಕೆಟ್ಟಿನಲ್ಲೇ ವಿಸರ್ಜಿಸಿ; ಒಂದು ರಾತ್ರಿಗೆ ಕರಗದಿದ್ದರೆ ಅದು ಬರೀ ಮಣ್ಣಲ್ಲ ಎಂದು ಮುಂದಿನ ಸಲಕ್ಕೆ ಗೊತ್ತಾಗುತ್ತದೆ. ಕರಗಿದ ಮಣ್ಣು ತುಳಸಿ ಕುಂಡಕ್ಕೆ.

ಎರಡನೇ ಬಾಗಿಲು ವಿಜಯದಶಮಿ. ಹಿಂದಿನ ದಿನದ ಆಯುಧಪೂಜೆಯಲ್ಲಿ ಸಲಕರಣೆಗಳಿಗೆ ವಿಶ್ರಾಂತಿ, ಮರುದಿನ ಮತ್ತೆ ಕೈಗೆತ್ತಿಕೊಳ್ಳುವುದು. ಪದಕ್ಕೂ ಅಂದು ಒಂದು ದಿನ ರಜೆ ಕೊಡಿ. ಆಯುಧಪೂಜೆಯಲ್ಲಿ ನಿಮ್ಮ ಪದದ ಸಲಕರಣೆ ಯಾವುದೋ ಅದನ್ನೇ ಒರೆಸಿ ಇಡಿ: ನಡೆಯುವವರ ಬೂಟು, ಕಲಿಯುವವರ ಪುಸ್ತಕ, ಹೊಲಿಯುವವರ ಯಂತ್ರ. ಕಂಪ್ಯೂಟರನ್ನು ಪೂಜಿಸುವವರು ವಿದ್ಯುತ್ ತೆಗೆದು, ಕುಂಕುಮವನ್ನು ಒದ್ದೆ ಬೆರಳಲ್ಲಿ ಹೊರಕವಚಕ್ಕೆ ಮಾತ್ರ ಹಚ್ಚಿ; ಕೀಲಿಮಣೆಯ ಸಂದಿಗೂ ಗಾಳಿ ಕಿಂಡಿಗೂ ಪುಡಿ ಸೇರಿದರೆ ತೆಗೆಯುವುದು ಕಷ್ಟ. ರಸ್ತೆಯಲ್ಲಿ ಒಡೆದ ಬೂದುಗುಂಬಳವನ್ನು ಒಡೆದವರೇ ಬದಿಗೆ ಬಳಿಯಬೇಕು. ಕತ್ತಲಾದ ಮೇಲೆ ಬೈಕಿನವರು ಅದರ ಮೇಲೆ ಜಾರುವುದು ಪ್ರತಿವರ್ಷದ ಮಾತು.

ಮೂರನೆಯದು ದೀಪಾವಳಿಯ ಬಲಿಪಾಡ್ಯಮಿ, ವಿಜಯದಶಮಿಯಾದ ಇಪ್ಪತ್ತು ದಿನಕ್ಕೆ. ಪದ ಬದಲಿಸಲು ಇದೇ ಕೊನೆಯ ಅವಕಾಶ. ಅಷ್ಟು ಹೊತ್ತಿಗೆ ಕೆಲವರ ಕೆಲಸ ಮುಗಿದೇ ಹೋಗಿರುತ್ತದೆ: ಸಾಲ ತೀರಿತು, ಖಾತೆ ಆಯಿತು. ಅಂಥವರು ಹೊಸ ಪದ ಹಿಡಿಯಬಹುದು, ಇಲ್ಲವೇ ಖಾಲಿ ಕೂರಬಹುದು. ಎರಡನೆಯದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ವರ್ತಕರು ಲಕ್ಷ್ಮೀಪೂಜೆಗೆ ಲೆಕ್ಕದ ಪುಸ್ತಕ ಇಡುವ ಹಬ್ಬ ಇದಾದ್ದರಿಂದ ದುಡ್ಡಿಗೆ ಸಂಬಂಧಿಸಿದ ಪದದವರು ಅಂದು ಒಂದು ಅರ್ಧಗಂಟೆ ಲೆಕ್ಕ ನೋಡಲಿ. ಹೊಸ ಮಣ್ಣಿನ ಹಣತೆಗಳನ್ನು ಹಿಂದಿನ ದಿನ ಕೆಲವು ಗಂಟೆ ನೀರಿನಲ್ಲಿ ನೆನೆಸಿ ಒಣಗಿಸಿಟ್ಟರೆ ಅವು ಅಷ್ಟಾಗಿ ಎಣ್ಣೆ ಕುಡಿಯುವುದಿಲ್ಲ, ಅಡಿಯಲ್ಲಿ ಕಲೆಯೂ ಕಡಿಮೆ.

ಸಂಕ್ರಾಂತಿ: ಹಂಚುವ ಹಬ್ಬ

ಮಕರ ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಅದಕ್ಕೇ ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ. ಇಲ್ಲಿಂದ ಯುಗಾದಿಗೆ ಉಳಿಯುವುದು ಎರಡರಿಂದ ಮೂರು ತಿಂಗಳು. ಪದದ ಕೆಳಗಿನ ಮೂರು ಕೆಲಸದಲ್ಲಿ ಇನ್ನು ಆಗದ್ದನ್ನು ಈಗಲೇ ಹೊಡೆದುಹಾಕಿ. ಫಾಲ್ಗುಣದವರೆಗೆ ಹೊತ್ತುಕೊಂಡು ಹೋದರೆ ಅದೇ ಬೇಸರ ಮುಂದಿನ ವರ್ಷದ ಪದವನ್ನೂ ಹಿಡಿಯುತ್ತದೆ.

ಎಳ್ಳು ಬೀರುವ ಇಪ್ಪತ್ತು ಮನೆಗೆ 50 ಗ್ರಾಮಿನ ಪೊಟ್ಟಣವೆಂದರೆ ಒಂದು ಕಿಲೋ ಬೇಕು. ಕೊಬ್ಬರಿ 250 ಗ್ರಾಂ, ಬೆಲ್ಲ 250, ಕಡಲೆಕಾಯಿ ಬೀಜ 250, ಹುರಿಗಡಲೆ 150, ಬಿಳಿ ಎಳ್ಳು 100. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ ಎರಡು ದಿನ ಬಿಸಿಲಿಗಿಡಿ. ಸಿಪ್ಪೆ ಉಳಿದರೆ ನೋಟ ಕೆಡುತ್ತದೆ, ತೇವ ಉಳಿದರೆ ವಾರದಲ್ಲಿ ಕಮಟು ವಾಸನೆ. ಬೆಲ್ಲ ಗಟ್ಟಿ ಅಚ್ಚಿನದ್ದೇ ಆಗಬೇಕು; ಅಡಕೊತ್ತಿನಲ್ಲಿ ಕತ್ತರಿಸಿ ಅದನ್ನೂ ಒಣಗಿಸಿ. ಮೆತ್ತಗಿನ ಕಪ್ಪು ಬೆಲ್ಲ ತಿನ್ನಲು ಎಷ್ಟೇ ಒಳ್ಳೆಯದಾದರೂ ಈ ಕೆಲಸಕ್ಕೆ ಬಾರದು, ನೀರೊಡೆದು ಮಿಶ್ರಣವೆಲ್ಲ ಒಂದೇ ಉಂಡೆಯಾಗುತ್ತದೆ. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಬೇಳೆ ಮಾಡಿ. ಎಳ್ಳು ಚಟಪಟ ಎನ್ನಲು ತೊಡಗಿದ ಕೂಡಲೇ ಇಳಿಸಿ, ಒಂದು ನಿಮಿಷ ಹೆಚ್ಚಾದರೆ ಕಹಿ. ಎಲ್ಲವೂ ಪೂರ್ತಿ ಆರಿದ ಮೇಲೆ, ಹಬ್ಬದ ಹಿಂದಿನ ಸಂಜೆ ಬೆರೆಸಿ. ಬಿಸಿಯಿರುವಾಗ ಬೆರೆಸಿದರೆ ಬೆಲ್ಲ ಬೆವರುತ್ತದೆ. ಸಮಯವಿಲ್ಲದವರು ಹೆಚ್ಚಿದ ಕೊಬ್ಬರಿ ಬೆಲ್ಲವನ್ನು ಅಂಗಡಿಯಿಂದ ತಂದು ಬೀಜ, ಎಳ್ಳು ಮಾತ್ರ ಮನೆಯಲ್ಲಿ ಹುರಿದುಕೊಳ್ಳಬಹುದು. ರುಚಿಯ ಬಹುಪಾಲು ಇರುವುದು ಆ ಹುರಿಯುವಿಕೆಯಲ್ಲೇ.

ಇಪ್ಪತ್ತು ಮನೆಯಲ್ಲಿ ಎರಡಾದರೂ ನೀವು ವರ್ಷದಿಂದ ಹೋಗದ ಮನೆಗಳಾಗಿರಲಿ. ‘ಕೂರು’, ‘ಕೇಳು’, ‘ಹಂಚು’ ಎಂದು ಪದ ಇಟ್ಟುಕೊಂಡವರು ಆ ಎರಡು ಮನೆಗೆ ಮೊದಲು ಹೋಗಲಿ, ಪೊಟ್ಟಣ ಕೊಟ್ಟು ಬಾಗಿಲಿನಿಂದಲೇ ತಿರುಗದೆ ಒಳಗೆ ಕೂತು ಬರಲಿ.

ಹೊರದೇಶದಲ್ಲಿರುವವರಿಗೆ

ಕನ್ನಡ ಕೂಟಗಳ ಯುಗಾದಿ ಸಾಮಾನ್ಯವಾಗಿ ಮುಂದಿನ ವಾರಾಂತ್ಯಕ್ಕೆ ಹೋಗುತ್ತದೆ. ಪದವನ್ನು ಅಷ್ಟು ದಿನ ಕಾಯಿಸಬೇಡಿ, ತಿಥಿಯ ದಿನ ಕೆಲಸಕ್ಕೆ ಹೊರಡುವ ಮುಂಚೆ ಹೇಳಿಕೊಂಡುಬಿಡಿ. ತಿಥಿ ನಿಮ್ಮ ಊರಿನ ಸೂರ್ಯೋದಯಕ್ಕೆ ಸೇರಿದ್ದು. ಬೆಂಗಳೂರಿನ ಕ್ಯಾಲೆಂಡರಿಗಿಂತ ಒಂದು ದಿನ ಆಚೀಚೆ ಆಗಬಹುದು, ಸ್ಥಳೀಯ ಪಂಚಾಂಗ ನೋಡಿ. ಹಸಿ ಬೇವು ಸಿಗದ ಕಡೆ ಭಾರತೀಯ ಅಂಗಡಿಗಳ ಒಣ ಬೇವಿನ ಹೂ ನಡೆಯುತ್ತದೆ, ಅರ್ಧ ಚಮಚ ತುಪ್ಪದಲ್ಲಿ ಬೆಚ್ಚಗೆ ಮಾಡಿ ಬೆಲ್ಲಕ್ಕೆ ಬೆರೆಸಿ. ಸಿಡ್ನಿ, ಆಕ್ಲೆಂಡ್‌ನವರಿಗೆ ಯುಗಾದಿ ಬರುವುದು ಎಲೆ ಉದುರುವ ಕಾಲಕ್ಕೆ, ದೀಪಾವಳಿ ಬರುವುದು ವಸಂತಕ್ಕೆ. ಹಗಲು ಉದ್ದವಿದ್ದಾಗ ಹಣತೆ ಹಚ್ಚಲು ರಾತ್ರಿ ಎಂಟೂವರೆಯವರೆಗೆ ಕಾಯಬೇಕಾಗುತ್ತದೆ, ಮಕ್ಕಳಿಗೆ ಊಟ ಅದಕ್ಕೂ ಮುಂಚೆ ಮಾಡಿಸಿ. ಜನವರಿಯ ಬೇಸಿಗೆಯಲ್ಲಿ ಎಳ್ಳು-ಬೆಲ್ಲ ಬೇಗ ಬೆವರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನಲ್ಲಿಟ್ಟು, ಹೊರಗೆ ತೆಗೆದ ಅರ್ಧ ಗಂಟೆಯ ಮೇಲೆ ಮುಚ್ಚಳ ತೆರೆಯಿರಿ.